ಗಲ್ಲಾಪೆಟ್ಟಿಗೆಯ ಕೋಡು ಎಲ್ಲರಿಗೂ ಗೊತ್ತು, ಪಾಠದ ಪುಸ್ತಕದ ಕೋಡು ತೆರೆದವರಾರು?
ಭೀಮೆಯಾಚೆಯ ಡಿಸಲೆ ಗುರೂಜಿಯ ಕಥೆಯೂ, ಈಚೆಯ ಮಾಸ್ತರರ ಪಾಡೂ

ವಿಜಯಪುರ: ಪಟ್ಟಣದ ಯಾವ ಅಂಗಡಿಗೆ ಹೋದರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಪ್ಪು-ಬಿಳಿ ಚೌಕಳಿಯ ಒಂದು ಹಲಗೆ ನಿಂತಿರುತ್ತದೆ. ಗಿರಾಕಿ ಫೋನು ಎತ್ತಿ ಹಿಡಿಯುತ್ತಾನೆ. ರೊಕ್ಕ ಬಂತೆಂದು ಪಕ್ಕದ ಡಬ್ಬಿ ಕೂಗಿ ಹೇಳುತ್ತದೆ. ಚಹಾದಂಗಡಿಯವನಿಗೂ ಗೊತ್ತು, ಕಾಯಿಪಲ್ಯದ ಗಾಡಿಯವಳಿಗೂ ಗೊತ್ತು. ಹತ್ತು ವರ್ಷದ ಹಿಂದೆ ಇದನ್ನು ಕಂಡವರೇ ಇರಲಿಲ್ಲ. ಈಗ ಅದಿಲ್ಲದೆ ಐದು ರೂಪಾಯಿಯ ಬೆಂಕಿಪೆಟ್ಟಿಗೆಯ ವ್ಯಾಪಾರವೂ ನಡೆಯುವುದಿಲ್ಲ.

ಅದೇ ಅಂಗಡಿಯವರ ಮಗಳ ಪಾಟೀಚೀಲ ಬಿಚ್ಚಿ ಪಾಠದ ಪುಸ್ತಕ ತೆಗೆದು ನೋಡಿ. ಅಲ್ಲಿಯೂ ಇಂಥದೇ ಚೌಕಳಿ ಅಚ್ಚಾಗಿದೆ. ಗಲ್ಲೆಯ ಮೇಲಿನ ಚೌಕಳಿಯನ್ನು ದಿನಕ್ಕೆ ನೂರು ಸಲ ಕಾಣುವ ಎಷ್ಟು ಮಂದಿ ತಂದೆ-ತಾಯಿ ಪುಸ್ತಕದ ಚೌಕಳಿಗೆ ಒಂದು ಸಲವಾದರೂ ಫೋನು ಹಿಡಿದಿದ್ದಾರೆ? ಬೆರಳು ಮಡಚಿ ಎಣಿಸಿದರೂ ಕೈ ಖಾಲಿ ಉಳಿದೀತು.

ಈ ಚೌಕಳಿ ಸರಕಾರಿ ಪುಸ್ತಕದೊಳಗೆ ಬಂದ ಕಥೆಯ ಒಂದು ಎಳೆ ದಿಲ್ಲಿಯಿಂದಲೂ ಬಂದಿಲ್ಲ, ಬೆಂಗಳೂರಿನಿಂದಲೂ ಬಂದಿಲ್ಲ. ನಮ್ಮ ಬಸ್ ನಿಲ್ದಾಣದಿಂದ ಸೋಲಾಪುರ ಬಸ್ಸು ಹತ್ತಿ, ಹೊರ್ತಿ, ಝಳಕಿ ದಾಟಿ, ಧೂಳಖೇಡದಲ್ಲಿ ಭೀಮೆಯ ಸೇತುವೆ ಕಳೆದರೆ ಸಿಗುವ ಜಿಲ್ಲೆಯಿಂದಲೇ ಬಂದಿದೆ. ಸೋಲಾಪುರ ಜಿಲ್ಲೆ, ಮಾಢಾ ತಾಲೂಕು, ಪರಿತೇವಾಡಿ ಎಂಬ ಸಣ್ಣ ಹಳ್ಳಿ. ಅಲ್ಲಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಮಾಸ್ತರು ರಣಜಿತಸಿಂಹ ಡಿಸಲೆ. ಆ ಕಡೆಯ ಮಂದಿ ಕರೆಯುವುದು 'ಡಿಸಲೆ ಗುರೂಜಿ' ಎಂದೇ.

2020ರ ಡಿಸೆಂಬರ್ 3ರಂದು ಲಂಡನ್ನಿನಿಂದ ನಡೆದ ಸಮಾರಂಭದಲ್ಲಿ ನಟ ಸ್ಟೀಫನ್ ಫ್ರೈ ಅವರು ಈ ಮಾಸ್ತರರ ಹೆಸರು ಓದಿದಾಗ ಸೋಲಾಪುರಕ್ಕೆ ಸೋಲಾಪುರವೇ ಹುಬ್ಬೇರಿಸಿತು. ವಾರ್ಕಿ ಫೌಂಡೇಶನ್ ಯುನೆಸ್ಕೋದ ಜತೆಗೂಡಿ ಕೊಡುವ ಜಾಗತಿಕ ಶಿಕ್ಷಕ ಪ್ರಶಸ್ತಿ ಅದು. 140ಕ್ಕೂ ಹೆಚ್ಚು ದೇಶಗಳಿಂದ 12 ಸಾವಿರಕ್ಕೂ ಮೇಲ್ಪಟ್ಟು ಹೆಸರುಗಳು ಬಂದಿದ್ದವು. ಬಹುಮಾನ 10 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿಗೂ ಹೆಚ್ಚು. ಭಾರತದವರಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು.

ಅದಕ್ಕಿಂತ ಸೋಜಿಗ ಮುಂದಿನದು. ಹೆಸರು ಕೂಗಿದ ಕೂಡಲೇ ಮಾಸ್ತರರು ಬಹುಮಾನದ ಅರ್ಧ ಪಾಲನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಮಂದಿ ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು. ತಲಾ ಸುಮಾರು 55 ಸಾವಿರ ಡಾಲರ್! ಬಂದ ಲಾಭದಲ್ಲಿ ಅರ್ಧವನ್ನು ಎದುರಿನ ಸಾಲಿನ ಅಂಗಡಿಗಳಿಗೆ ಹಂಚಿದ ವ್ಯಾಪಾರಿ ಇದ್ದರೆ ಓದುಗರು ಹೇಳಬೇಕು.

ಕೊಟ್ಟಿಗೆಯ ಪಕ್ಕದ ಸಾಲಿ

ಪ್ರಶಸ್ತಿಯ ಹೊಗಳಿಕೆ ಸಾಕಷ್ಟು ಆಗಿಹೋಗಿದೆ. ನೋಡಬೇಕಾದದ್ದು ಇವರು ಬೆಳೆದ ಬಗೆ.

ಬಾರ್ಶಿ ಪಟ್ಟಣದ ಈ ಹುಡುಗನಿಗೆ ಮೊದಲಿದ್ದ ಆಸೆ ಇಂಜಿನಿಯರ್ ಆಗುವುದು. ಕಾಲೇಜು ಸೇರಿದ್ದೂ ಆಯಿತು, ಬಿಟ್ಟದ್ದೂ ಆಯಿತು. ಮನೆಯಲ್ಲಿ ತಂದೆ ತೋರಿದ ದಾರಿ ಶಿಕ್ಷಕರ ತರಬೇತಿ. ಅರೆಮನಸ್ಸಿನಿಂದ ಹೋಗಿ ಮನಸ್ಸು ಕೊಟ್ಟು ಹೊರಬಂದವರ ಪೈಕಿ ಇವರೊಬ್ಬರು. 2009ರಲ್ಲಿ ಪರಿತೇವಾಡಿಗೆ ಬಂದಾಗ ಶಾಲೆಯ ಕಟ್ಟಡ ಪಾಳು. ಒಂದು ಬದಿಗೆ ದನದ ಕೊಟ್ಟಿಗೆ, ಇನ್ನೊಂದು ಬದಿಗೆ ಸಾಮಾನು ತುಂಬುವ ಕೋಣೆ. ಹೆಣ್ಣುಮಕ್ಕಳು ಶಾಲೆಗೆ ಬರುವುದೇ ಅಪರೂಪ. ಅವರ ಹಾಜರಿ ಕೆಲವೊಮ್ಮೆ ನೂರಕ್ಕೆ ಎರಡಕ್ಕೆ ಇಳಿಯುತ್ತಿತ್ತೆಂದೂ, ಬೇಗ ಮದುವೆ ಮಾಡಿ ಕಳಿಸುವುದು ರೂಢಿಯಾಗಿತ್ತೆಂದೂ ಪ್ರಶಸ್ತಿ ಸಂಸ್ಥೆ ಬರೆದುಕೊಂಡಿದೆ.

ಅದೇ ಸಂಸ್ಥೆ ಹೇಳಿರುವ ಇನ್ನೊಂದು ಮಾತು ನಮ್ಮ ಸೀಮೆಯವರು ಕಿವಿ ನಿಮಿರಿಸಿ ಕೇಳುವಂಥದು. ಪಾಠದ ಪುಸ್ತಕ ಮಕ್ಕಳ ಮನೆಮಾತಿನಲ್ಲಿ ಇರಲಿಲ್ಲ. ಆ ಮನೆಮಾತು ಕನ್ನಡ. ಮಾಸ್ತರರು ಹಳ್ಳಿಗೆ ಹೋಗಿ ನಿಂತು ಮಾತು ಕಲಿತು ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಹೊಸದಾಗಿ ಸಿದ್ಧಪಡಿಸಿದರು ಎಂಬುದು. ಮಾಢಾ ತಾಲೂಕು ಅಕ್ಕಲಕೋಟೆಯಂತೆ, ದಕ್ಷಿಣ ಸೋಲಾಪುರದಂತೆ ಕನ್ನಡದ ಸೀಮೆಯಲ್ಲ ಎಂಬುದು ಆ ಕಡೆ ಓಡಾಡುವವರಿಗೆಲ್ಲ ಗೊತ್ತು. ಆದರೂ ಸೋಲಾಪುರ ಜಿಲ್ಲೆಯಲ್ಲಿ ಕನ್ನಡ ಆಡುವ ಮನೆಗಳಿಗೆ, ಕನ್ನಡ ಶಾಲೆಗಳಿಗೆ ಬರವಿಲ್ಲ. ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಗಡಿ ಎಂದ ಕೂಡಲೇ ಬಸ್ಸಿಗೆ ಮಸಿ ಬಳಿಯುವ ಮಾತೇ ನೆನಪಾಗುವ ಈ ದಿನಗಳಲ್ಲಿ ಮರಾಠಿ ಮಾಸ್ತರರೊಬ್ಬರು ಮಕ್ಕಳಿಗಾಗಿ ಕನ್ನಡ ಕಲಿತರೆಂದು ಲಂಡನ್ನಿನವರು ಬರೆದಿದ್ದಾರೆ. ಎರಡೂ ಕಡೆಯ ಹೋರಾಟಗಾರರಿಗೆ ಇದು ಅಷ್ಟಾಗಿ ಪ್ರಯೋಜನಕ್ಕೆ ಬಾರದ ಸುದ್ದಿ.

ಗಮನಿಸಿ: ತಂತ್ರಜ್ಞಾನ ಇನ್ನೂ ಬಂದೇ ಇಲ್ಲ. ಮೊದಲು ಬಂದದ್ದು ಮಾತು. ಮಗುವಿಗೆ ತಿಳಿಯದ ಮಾತಿನ ಪಾಠವನ್ನು ಎಷ್ಟು ದೊಡ್ಡ ಪರದೆಯ ಮೇಲೆ ತೋರಿಸಿದರೂ ಅದು ತಿಳಿಯದ ಪಾಠವೇ. ಇಷ್ಟು ಸರಳ ಸಂಗತಿಯನ್ನು ಕೋಟಿಗಟ್ಟಲೆ ಟೆಂಡರು ಕರೆಯುವ ಇಲಾಖೆಗಳು ಮರೆತೇಬಿಡುತ್ತವೆ.

ಆಮೇಲೆ ಬಂದದ್ದು ಲ್ಯಾಪ್‌ಟಾಪು. ಹೊಲದ ಕಡೆ ಓಡುತ್ತಿದ್ದ ಹುಡುಗರನ್ನು ಶಾಲೆಯ ಕಡೆ ತಿರುಗಿಸಲು ಮಾಸ್ತರರು ಪುಸ್ತಕ ಬದಿಗಿಟ್ಟು ಹಾಡು, ಕಥೆ, ಚಿತ್ರ ತೋರಿಸಿದರು. ಊರಿನವರಿಗೆ ಇದು ಹೇಗೆ ಕಂಡಿರಬಹುದು? ನಮ್ಮಲ್ಲಾದರೆ "ಏನ್ರೀ ಮಾಸ್ತರ, ಸಾಲಿ ಕಲಸ್ರಿ ಅಂದ್ರ ಸಿನಿಮಾ ತೋರಸ್ತೀರೇನ್ರಿ?" ಎಂದು ಕಟ್ಟೆಯ ಮೇಲೆ ಕೂತವರು ಕೇಳದೆ ಬಿಡುವವರಲ್ಲ.

ಕೊನೆಗೆ ಬಂದದ್ದು ಆ ಚೌಕಳಿ, ಕ್ಯೂಆರ್ ಕೋಡ್. ಜಪಾನಿನ ಡೆನ್ಸೊ ವೇವ್ ಎಂಬ ಕಂಪನಿ 1994ರಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕ ಇಡಲು ಕಂಡುಹಿಡಿದದ್ದು ಇದು. ಮೂರು ಮೂಲೆಯ ದೊಡ್ಡ ಚೌಕಗಳು ಫೋನಿಗೆ ದಿಕ್ಕು ತೋರಿಸುತ್ತವೆ. ಉಳಿದ ಚುಕ್ಕೆಗಳಲ್ಲಿ ಇರುವುದು ಬರೀ ಒಂದು ವಿಳಾಸ. ಪಾಠ ಅದರೊಳಗೆ ಇರುವುದಿಲ್ಲ; ಲಕೋಟೆಯ ಮೇಲಿನ ವಿಳಾಸದಲ್ಲಿ ಮನೆಯೇ ಇರುತ್ತದೆಯೇ? ಹಾಗೆಯೇ ಇದು. ಡಿಸಲೆಯವರು ಮಾಡಿದ್ದೆಂದರೆ ಪುಸ್ತಕದ ಆಯಾ ಪಾಠದಲ್ಲೇ ಆ ವಿಳಾಸ ಅಂಟಿಸಿ, ಅದರ ಹಿಂದೆ ಪದ್ಯದ ಧ್ವನಿ, ಪಾಠದ ವಿಡಿಯೋ, ಕಥೆ, ಅಭ್ಯಾಸದ ಪ್ರಶ್ನೆ ಇಟ್ಟದ್ದು. ಮಗು ಒಂದು ದಿನ ಶಾಲೆಗೆ ಬಾರದಿದ್ದರೂ ಮನೆಯಲ್ಲಿ ಒಂದು ಫೋನು ಇದ್ದರೆ ಅಂದಿನ ಪಾಠ ಸಿಕ್ಕುತ್ತದೆ.

ಅಗ್ಗದ ಉಪಾಯ ಇದು. ಕಂಪ್ಯೂಟರ್ ಕೋಣೆ ಬೇಡ, ಬ್ಯಾಟರಿ ಬೇಡ, ಗುತ್ತಿಗೆದಾರ ಬೇಡ. ಬೇಕಾದದ್ದು ಪಾಠ ತಯಾರಿಸುವ ತಾಳ್ಮೆ. ರಾತ್ರಿ ಕೂತು ಒಂದೊಂದು ಪಾಠಕ್ಕೂ ಧ್ವನಿ, ಚಿತ್ರ ಜೋಡಿಸುವ ಕೆಲಸಕ್ಕೆ ಯಾವ ಭತ್ಯೆಯೂ ಇಲ್ಲ. ಇಲ್ಲಿಯವರೆಗಿನ ಡಿಸಲೆ ಒಬ್ಬ ಹುರುಪಿನ ಮಾಸ್ತರು, ಅಷ್ಟೆ. ಇಂಥವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ.

ಅವರು ಮುಂದಾಳು ಆದದ್ದು ಮುಂದಿನ ಹೆಜ್ಜೆಯಿಂದ. ತಮ್ಮ ಶಾಲೆಯಲ್ಲಿ ಆದದ್ದನ್ನು ಕಾಗದಕ್ಕಿಳಿಸಿ ಸರಕಾರಕ್ಕೆ ಪ್ರಸ್ತಾವ ಕಳಿಸಿದರು. ಸರಕಾರ ಪ್ರಯೋಗ ಮಾಡಿ ನೋಡಿತು. 2017ರಲ್ಲಿ ಮಹಾರಾಷ್ಟ್ರ ರಾಜ್ಯವೆಲ್ಲ ಪಾಠದ ಪುಸ್ತಕಗಳಿಗೆ ಕ್ಯೂಆರ್ ಕೋಡ್ ಹಾಕುವುದಾಗಿ ಸಾರಿತು. 2018ರಲ್ಲಿ ಕೇಂದ್ರದ ಮಂತ್ರಿ ಪ್ರಕಾಶ ಜಾವಡೇಕರ್ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೋಡು ಬರುವುದೆಂದರು. ಇಷ್ಟೂ ಒಬ್ಬರ ಕೈಯಿಂದಲೇ ಆಯಿತೆಂದರೆ ಸುಳ್ಳಾದೀತು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಕೇಂದ್ರ ಸರಕಾರ 'ದೀಕ್ಷಾ' ಎಂಬ ವೇದಿಕೆ ತೆರೆದಿತ್ತು. ಅದರ ಬೆನ್ನೆಲುಬಾದ ಸನ್‌ಬರ್ಡ್ ತಂತ್ರಾಂಶ ಕಟ್ಟಿದ್ದು ನಂದನ್ ನಿಲೇಕಣಿಯವರು ಮತ್ತಿತರರು ಬೆಂಗಳೂರಿನಲ್ಲಿ ಹುಟ್ಟುಹಾಕಿದ ಏಕ್‌ಸ್ಟೆಪ್ ಸಂಸ್ಥೆ. ದೊಡ್ಡ ಗಾಲಿ ಹೇಗೂ ತಿರುಗುತ್ತಿತ್ತು. ಆದರೆ ಹಳ್ಳಿಯ ಶಾಲೆಯೊಂದರಲ್ಲಿ ಇದು ನಿಜವಾಗಿ ನಡೆಯುತ್ತದೆಂದು ತೋರಿಸಿದವರಲ್ಲಿ ಈ ಮಾಸ್ತರು ಮುಂಚೂಣಿಯವರು ಎಂಬುದಕ್ಕೆ ತಕರಾರಿಲ್ಲ.

ಇದರ ಜತೆಗೆ ಕಂಪ್ಯೂಟರಿನ ಮೂಲಕ ಬೇರೆ ದೇಶದ ತರಗತಿಗಳಿಗೆ ಪಾಠ, ಭಾರತ-ಪಾಕಿಸ್ತಾನ, ಇಸ್ರೇಲ್-ಪ್ಯಾಲೆಸ್ತೀನ್ ಮಕ್ಕಳನ್ನು ಪರದೆಯ ಮೇಲೆ ಗೆಳೆಯರನ್ನಾಗಿಸುವ ಯೋಜನೆ, ಹೀಗೆ ಅವರ ಕೆಲಸ ಹಬ್ಬುತ್ತ ಹೋಯಿತು. ಪರಿತೇವಾಡಿಯಲ್ಲಿ ಹೆಣ್ಣುಮಕ್ಕಳ ಹಾಜರಿ ನೂರಕ್ಕೆ ನೂರಾಯಿತು, ಬಾಲ್ಯವಿವಾಹ ನಿಂತಿತು ಎಂದು ಪ್ರಶಸ್ತಿ ಸಂಸ್ಥೆ ಹೇಳುತ್ತದೆ. ಈ ಯಶಸ್ಸನ್ನೆಲ್ಲ ಚೌಕಳಿಯ ಖಾತೆಗೇ ಜಮಾ ಮಾಡುವುದು ತಪ್ಪು. ಮನೆ ಮನೆಗೆ ಹೋಗಿ ತಂದೆ-ತಾಯಿಯನ್ನು ಒಪ್ಪಿಸುವ ಕೋಡು ಇನ್ನೂ ಯಾರೂ ಅಚ್ಚು ಹಾಕಿಲ್ಲ.

ಹಾರ ಹಾಕಿದ ಕೈಯೇ ನೋಟೀಸು ಕೊಟ್ಟಾಗ

ಬಹುಮಾನ ಬಂದ ಮೇಲೆ ಹಾರ-ತುರಾಯಿ, ಮಂತ್ರಿಗಳ ಮನೆಯ ಸತ್ಕಾರ. 2021ರ ಜೂನ್‌ನಲ್ಲಿ ವಿಶ್ವ ಬ್ಯಾಂಕು ಶಿಕ್ಷಕರ ತರಬೇತಿಯ ತನ್ನ ಯೋಜನೆಯೊಂದಕ್ಕೆ ಸಲಹೆಗಾರರನ್ನಾಗಿ ಕರೆಯಿತು. ಆಮೇಲೆ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿತು. ಹೋಗಬೇಕಾದರೆ ರಜೆ ಬೇಕು. ರಜೆ ಕೊಡಬೇಕಾದವರು ಜಿಲ್ಲಾ ಪರಿಷತ್ತಿನವರು.

2022ರ ಜನವರಿಯಲ್ಲಿ ಆ ರಜೆಯೇ ದೊಡ್ಡ ಸುದ್ದಿಯಾಯಿತು. ಅರ್ಜಿ ಸರಿಯಿಲ್ಲ, ಶಾಲೆಯ ಗತಿಯೇನು ಎಂದು ಒಂದು ಕಡೆ. ಜಗತ್ತೇ ಮೆಚ್ಚಿದವರಿಗೆ ಕಾಗದ ಹಿಡಿದು ಅಲೆಯುವ ಗತಿಯೇ ಎಂದು ಇನ್ನೊಂದು ಕಡೆ. ಆಗಿನ ಶಿಕ್ಷಣ ಮಂತ್ರಿ ವರ್ಷಾ ಗಾಯಕವಾಡ ಅವರೇ ನಡುವೆ ಬಂದು ರಜೆ ಕೊಡಿ ಎನ್ನಬೇಕಾಯಿತು. ಅಷ್ಟಕ್ಕೆ ಮುಗಿಯಲಿಲ್ಲ. ಹಿಂದೆ ಜಿಲ್ಲೆಯ ತರಬೇತಿ ಸಂಸ್ಥೆಗೆ ನಿಯೋಜನೆಯಾಗಿದ್ದ ಕಾಲದಲ್ಲಿ ಹಾಜರಿರಲಿಲ್ಲವೆಂಬ ಆಕ್ಷೇಪ ಎದ್ದಿತು. ವಿಚಾರಣೆ ನಡೆಯಿತು. ಮಾಸ್ತರರು ಅಲ್ಲಗಳೆದರು. 2022ರ ಜುಲೈನಲ್ಲಿ ರಾಜೀನಾಮೆ ಪತ್ರವನ್ನೇ ಕೊಟ್ಟರು.

ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಎರಡೂ ಕಡೆಗೆ ಒಂದೊಂದು ನ್ಯಾಯ ಇದೆ. ಹೆಸರು ಬಂದ ಮಾಸ್ತರರೂ ಸಂಬಳ ಪಡೆಯುವ ನೌಕರರೇ. ಅವರು ದೇಶ ಸುತ್ತುವಾಗ ಹಳ್ಳಿಯ ಮಗುವಿಗೆ ಅ ಆ ಇ ಈ ಹೇಳಿಕೊಡುವವರು ಯಾರು ಎಂದು ಕೇಳುವ ಹಕ್ಕು ಆ ಮಗುವಿನ ತಾಯಿಗೆ ಇದೆ. ಇನ್ನು ಮಾಸ್ತರರ ಕಡೆಯಿಂದ ನೋಡಿದರೆ, ಬೆಳೆದವನಿಗೆ ನಿಲ್ಲಲು ಜಾಗವೇ ಇಲ್ಲದ ವ್ಯವಸ್ಥೆ ಇದು. ಶಾಲೆಯಲ್ಲೇ ಇದ್ದರೆ ಕಲಿತದ್ದು ಆ ನಾಲ್ಕು ಗೋಡೆಯಲ್ಲೇ ಉಳಿಯುತ್ತದೆ. ಹೊರಗೆ ಬಂದು ನಾಲ್ಕು ಮಂದಿಗೆ ಕಲಿಸಿದರೆ 'ಗೈರುಹಾಜರು'. ವಾರದಲ್ಲಿ ಮೂರು ದಿನ ಪಾಠ, ಎರಡು ದಿನ ಇತರ ಮಾಸ್ತರರಿಗೆ ಮಾರ್ಗದರ್ಶನ ಎಂಬಂಥ ಹುದ್ದೆ ಸರಕಾರದ ಪಟ್ಟಿಯಲ್ಲಿ ಇದ್ದಿದ್ದರೆ ಈ ಜಗಳದ ಅರ್ಧ ಹುಟ್ಟುತ್ತಲೇ ಇರಲಿಲ್ಲವೆಂಬುದು ಬಲ್ಲವರ ಅಂಬೋಣ. ಅದರಲ್ಲಿ ಹುರುಳಿದೆ.

ಕೋಳಿಬಲೆಯ ಆಂಟೆನಾದಿಂದ ಇಲ್ಲಿಯವರೆಗೆ

ಭೀಮೆಯ ಈಚೆಗೆ ಬರೋಣ. ಯಂತ್ರದಿಂದ ಪಾಠ ಎಂಬುದು ನಮ್ಮ ಜಿಲ್ಲೆಗೆ ಹೊಸತೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತಲ್ಲ, ಆ 'ಸೈಟ್' ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದೇ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿನವರು ಟೀವಿ ಕಾಣುವ ಮೊದಲೇ ನಮ್ಮ ಹಳ್ಳಿಯ ಮಂದಿ ಕಂಡಿದ್ದರು! ಕೋಳಿಬಲೆಯ ತಂತಿಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ, ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯದ ಮಾತು. ರಜೆಯಲ್ಲಿ ಹತ್ತಾರು ಸಾವಿರ ಮಾಸ್ತರರಿಗೆ ಅದರಿಂದಲೇ ತರಬೇತಿಯೂ ನಡೆಯಿತು. ವರ್ಷ ತುಂಬಿತು, 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆದುಕೊಂಡರು.

ಆಮೇಲಿನ ಕಥೆ ಚುಟುಕು. 1984ರಲ್ಲಿ ದೇಶದ ಆಯ್ದ ಪ್ರೌಢಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. 2001ರಲ್ಲಿ ಕರ್ನಾಟಕದ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಹರಿಯಿತು. 2004ರಲ್ಲಿ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠ ನಡೆಯಿತು. ಪ್ರತಿಯೊಂದಕ್ಕೂ ಟೇಪು ಕತ್ತರಿಸಿದ ಫೋಟೋ ಇದೆ. ಕತ್ತರಿಸಿದ ಐದು ವರ್ಷದ ಮೇಲಿನ ಫೋಟೋ ಯಾರೂ ತೆಗೆದಿಲ್ಲ. ಯಂತ್ರ ಬರುವುದು ಮೇಲಿನಿಂದ, ಕೋಣೆಯ ಬೀಗದ ಕೈ ಹೆಡ್‌ಮಾಸ್ತರರ ಬಳಿ, ಕೆಟ್ಟರೆ ರಿಪೇರಿಗೆ ಬಾಬತ್ತಿಲ್ಲ. ಕಳುವಾದರೆ ಜವಾಬು ಹೇಳಬೇಕಾದವರು ಮಾಸ್ತರರು. ಅಂಥ ಯಂತ್ರವನ್ನು ಮುಟ್ಟುವುದಕ್ಕಿಂತ ಬಟ್ಟೆ ಹೊದಿಸಿ ಇಡುವುದೇ ಕ್ಷೇಮವೆಂದು ಯಾವ ನೌಕರನಿಗೂ ಅನ್ನಿಸೀತು.

ಇದರ ನಡುವೆ ಸದ್ದಿಲ್ಲದೆ ನಡೆದ ಒಂದು ಒಳ್ಳೆಯ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾದೀತು. 2011ರ ಸುಮಾರಿಗೆ ರಾಜ್ಯದ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜತೆಗೂಡಿ 'ವಿಷಯ ಶಿಕ್ಷಕರ ವೇದಿಕೆ' ಕಟ್ಟಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಉಚಿತ ತಂತ್ರಾಂಶ ಕಲಿತು, ತಾವು ಮಾಡಿದ ಪಾಠದ ಸಾಮಗ್ರಿಯನ್ನು ಕನ್ನಡದಲ್ಲೇ ಅಂತರಜಾಲಕ್ಕೆ ಏರಿಸಿ ಒಬ್ಬರಿಗೊಬ್ಬರು ಹಂಚಿಕೊಂಡರು. ತ್ರಿಕೋನದ ಕೋನ ಹಿಗ್ಗಿಸಿ ಕುಗ್ಗಿಸಿ ಪರದೆಯ ಮೇಲೆ ತೋರಿಸಬಹುದೆಂದು ಒಂದು ತಾಲೂಕಿನ ಮಾಸ್ತರರು ಕಂಡುಕೊಂಡದ್ದು ಇನ್ನೊಂದು ಜಿಲ್ಲೆಯ ಮಾಸ್ತರರಿಗೆ ಮರುದಿನವೇ ತಿಳಿಯುತ್ತಿತ್ತು. ಪರಿತೇವಾಡಿಯಲ್ಲಿ ಒಬ್ಬರು ಮಾಡಿದ್ದನ್ನು ಇಲ್ಲಿ ಗುಂಪಾಗಿ ಮಾಡಿದರು. ಗುಂಪಿಗೆ ಯಾರೂ ಮಿಲಿಯ ಡಾಲರ್ ಕೊಡುವುದಿಲ್ಲ, ಅದು ಬೇರೆ ಮಾತು.

ಕಂಪ್ಯೂಟರ್ ಬಲ್ಲವನ ಪಾಡು

ಹಾಗಾದರೆ ನಮ್ಮಲ್ಲಿ ಇಂಥ ಮಾಸ್ತರರು ಏಕೆ ಎದ್ದು ಕಾಣುವುದಿಲ್ಲ? ಶಾಲೆಗೆ ಹೋಗಿ ಮಧ್ಯಾಹ್ನ ಎರಡು ತಾಸು ಕೂತು ನೋಡಿದರೆ ಉತ್ತರ ಸಿಕ್ಕುತ್ತದೆ.

ಕಂಪ್ಯೂಟರ್ ಬಲ್ಲ ಮಾಸ್ತರು ಇದ್ದಾರೆಂದು ಗೊತ್ತಾದರೆ ಸಾಕು, ಆ ಶಾಲೆಯ ಆನ್‌ಲೈನ್ ಕೆಲಸವೆಲ್ಲ ಅವರ ತಲೆಗೆ. ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್, ಶಾಲೆಯ ಲೆಕ್ಕ ತುಂಬುವ ಯುಡೈಸ್, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಹೊಂದಿಸುವುದು. ಪಕ್ಕದ ಶಾಲೆಯವರಿಗೂ ಇವರೇ ಗತಿ. "ಸರ, ನಂದೊಂದು ಓಟಿಪಿ ಬಂದೈತಿ, ಸ್ವಲ್ಪ ನೋಡ್ರಿ" ಎಂಬ ಕರೆ ರಾತ್ರಿ ಒಂಬತ್ತಕ್ಕೂ ತಪ್ಪುವುದಿಲ್ಲ. ಇದನ್ನು ನೋಡಿದ ಜಾಣರು ಕಂಪ್ಯೂಟರ್ ಬಂದರೂ ಬರುವುದಿಲ್ಲ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಾರೆ. ತಂತ್ರಜ್ಞಾನ ಶಾಲೆಗೆ ಬಂದದ್ದು ನಿಜ. ಆದರೆ ಅದು ಪಾಠದ ಕೋಣೆಗೆ ಬರುವ ಮೊದಲು ಕಚೇರಿಯ ಕೋಣೆಗೆ ಬಂತು, ಅಲ್ಲಿಯೇ ಕೂತಿತು. ಮೇಲಿನವರಿಗೆ ಅಂಕಿ-ಅಂಶ ಬೇಕು, ಅದು ಸಂಜೆಯೊಳಗೆ ಬೇಕು. ಮಗುವಿಗೆ ಭಾಗಾಕಾರ ಬಂತೋ ಇಲ್ಲವೋ ಎಂಬುದಕ್ಕೆ ಅಂಥ ಗಡುವೇನೂ ಇಲ್ಲ.

ಇನ್ನು ಚೆನ್ನಾಗಿ ಕಲಿಸುವವರು ಬಡ್ತಿಯ ದಾರಿ ಹಿಡಿದರೆ ಸಿಆರ್‌ಪಿ, ಬಿಆರ್‌ಪಿ ಹುದ್ದೆ. ಪರೀಕ್ಷೆ ಬರೆದು ಪಾಸಾಗಿ ಹೋಗುತ್ತಾರೆ. ಹೋದ ಮೇಲೆ ಕೈಗೆ ಬರುವುದು ಮೋಟಾರ್ ಸೈಕಲ್ಲು ಮತ್ತು ಮಾಹಿತಿ ತರುವ ಕೆಲಸ. ತೋಟದ ವಸ್ತಿಯ ಶಾಲೆಯಲ್ಲಿ ಇರುವವರೇ ಇಬ್ಬರು ಮಾಸ್ತರರು. ಅವರಲ್ಲಿ ಒಬ್ಬರು ಹೀಗೆ ಹೊರಟರೆ ಉಳಿದವರು ಐದು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಏನು ಕಲಿಸಿಯಾರು? ಪರಿತೇವಾಡಿಯ ಜಗಳ ನಮ್ಮಲ್ಲಿ ಪತ್ರಿಕೆಗೆ ಬರುವುದಿಲ್ಲ, ಅಷ್ಟೆ. ಜಗಳ ಇರುವುದಂತೂ ಇದೆ.

ಕೋವಿಡ್ ಬಂದ 2020ರಲ್ಲಿ ಇದೆಲ್ಲದರ ಪರೀಕ್ಷೆ ಆಯಿತು. ದೂರದರ್ಶನದ ಚಂದನದಲ್ಲಿ 'ಸಂವೇದ' ಪಾಠ ಶುರುವಾಯಿತು. ಟೀವಿ ಇಲ್ಲದವರಿಗಾಗಿ, ನೆಟ್‌ವರ್ಕು ಇಲ್ಲದವರಿಗಾಗಿ ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು: ಮಾಸ್ತರರೇ ಓಣಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ, ಮರದ ಕೆಳಗೆ ಮಕ್ಕಳನ್ನು ಕೂಡಿಸಿ ಕಲಿಸುವುದು. ಸೋಂಕು ತಗಲಿ ಶಿಕ್ಷಕರು ಸತ್ತ ಸುದ್ದಿ ಬಂದ ಮೇಲೆ ಅಕ್ಟೋಬರಿನಲ್ಲಿ ಅದು ನಿಂತು, ಮತ್ತೆ 2021ರ ಜನವರಿಯಲ್ಲಿ ಹೊಸ ಬಗೆಯಲ್ಲಿ ತೆರೆಯಿತು. ಮೊಬೈಲು, ಟೀವಿ, ಉಪಗ್ರಹ ಎಲ್ಲ ಇದ್ದ ಕಾಲದಲ್ಲೂ ಕಡೆಗೆ ನಂಬಿದ್ದು ನಡೆದುಕೊಂಡು ಬರುವ ಮಾಸ್ತರರನ್ನೇ.

ಫೋನು ಯಾರ ಕೈಯಲ್ಲಿ?

ಆ ದಿನಗಳ ಮೇಲೆ ಮನೆಗಳಿಗೆ ಫೋನು ಬಂದದ್ದು ಮಾತ್ರ ನಿಜ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಪ್ರಕಾರ ಹಳ್ಳಿಗಾಡಿನ ಶಾಲಾ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ನೂರಕ್ಕೆ 36. ಎರಡೇ ವರ್ಷದಲ್ಲಿ ಅದು 60 ದಾಟಿತು. 2024ರ ಸಮೀಕ್ಷೆಯಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಅದನ್ನು ಬಳಸಲು ಬರುತ್ತಿತ್ತು. ಅದರ ಹಿಂದಿನ ವಾರ ಓದಿನ ಕೆಲಸಕ್ಕೆ ಬಳಸಿದವರು 57 ಮಂದಿ, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76 ಮಂದಿ. ಇದು ಇಡೀ ದೇಶದ ಲೆಕ್ಕ. ನಮ್ಮ ಓಣಿಯ ಲೆಕ್ಕ ಓದುಗರಿಗೇ ಗೊತ್ತು.

ಇನ್ನೊಂದು ತೊಡಕು ಇದೆ. ಒಂದನೆಯ, ಎರಡನೆಯ ತರಗತಿಯ ಮಗುವಿನ ಫೋನೆಂದರೆ ಅದು ಅಪ್ಪನ ಫೋನು. ಅಪ್ಪ ಬೆಳಗ್ಗೆ ಬಸ್ಸು ಹತ್ತಿದರೆ ಫೋನೂ ಬಸ್ಸು ಹತ್ತುತ್ತದೆ. ಮರಳುವುದು ರಾತ್ರಿ ಎಂಟಕ್ಕೆ, ಬ್ಯಾಟರಿ ಮುಗಿದು. ಅಣ್ಣ-ತಂಗಿ ಇಬ್ಬರಿದ್ದರೆ ಫೋನು ಮೊದಲು ಹೋಗುವುದು ಅಣ್ಣನ ಕೈಗೆ. ಹೆಣ್ಣುಮಕ್ಕಳ ಹಾಜರಿಯಿಂದ ಶುರುವಾದ ಕೋಡಿನ ಕಥೆ ಮನೆಯ ಹೊಸಿಲಲ್ಲಿ ಎಡವುವುದು ಇಲ್ಲಿಯೇ.

ಯುನೆಸ್ಕೋದವರೇ 2023ರಲ್ಲಿ ಇಡೀ ಒಂದು ವರದಿಯನ್ನು ಈ ವಿಷಯಕ್ಕೆ ಮೀಸಲಿಟ್ಟು, ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಎಂದು ಕೇಳಿದರು. ನಮ್ಮಲ್ಲಿ ಅದರ ಜತೆಗೆ ಬೇರೆ ಪ್ರಶ್ನೆಯೂ ಇದೆ. 2022ರಲ್ಲಿ ರಾಜ್ಯದ ಪಾಠದ ಪುಸ್ತಕಗಳ ಗದ್ದಲ ಎದ್ದದ್ದು, 2023ರಲ್ಲಿ ಮತ್ತೆ ಪಾಠಗಳು ಬದಲಾದದ್ದು ಎಲ್ಲರಿಗೂ ನೆನಪಿದೆ. ಪುಟದಲ್ಲಿ ಪಾಠ ಬದಲಾದರೆ ಕೋಡಿನ ಹಿಂದಿನ ವಿಡಿಯೋ ಕೂಡ ಬದಲಾಗಬೇಕು. ವಿಳಾಸ ಹಾಗೆಯೇ ಉಳಿದು ಮನೆ ಖಾಲಿಯಾದರೆ ಬಾಗಿಲು ತಟ್ಟಿದ ಮಗು ಹಿಂದಿರುಗುತ್ತದೆ, ಮತ್ತೆ ತಟ್ಟುವುದಿಲ್ಲ. ಆ ಬಾಗಿಲುಗಳನ್ನು ವರ್ಷಕ್ಕೊಮ್ಮೆ ತಟ್ಟಿ ನೋಡುವ ಕೆಲಸ ಯಾರದು? ಡಯಟ್‌ನವರದೇ, ಬಿಇಒ ಕಚೇರಿಯದೇ, ಬೆಂಗಳೂರಿನವರದೇ? ಪರಿತೇವಾಡಿಯಲ್ಲಿ ಈ ಪ್ರಶ್ನೆ ಏಳಲಿಲ್ಲ. ಅಲ್ಲಿ ಪಾಠ ಮಾಡಿದವರೂ, ವಿಳಾಸ ಬರೆದವರೂ, ಮರುದಿನ ಮಗುವನ್ನು "ನೋಡಿದ್ಯಾ?" ಎಂದು ಕೇಳಿದವರೂ ಒಬ್ಬರೇ ಆಗಿದ್ದರು.

ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಸಾಮಾನ್ಯವಾಗಿ ಮಾತಾಗುವುದು ಕಾಂಪೌಂಡು, ನೀರಿನ ಟಾಕಿ, ಬಿಸಿಯೂಟದ ಬೇಳೆ. ಅವೂ ಬೇಕು. ಅದರ ಕಡೆಯಲ್ಲಿ ಐದು ನಿಮಿಷ, ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಬಲ್ಲ ಮಾಸ್ತರರು ವಾರಕ್ಕೆ ಎಷ್ಟು ತಾಸು ಮಕ್ಕಳ ಮುಂದೆ, ಎಷ್ಟು ತಾಸು ಪೋರ್ಟಲಿನ ಮುಂದೆ ಎಂದು ಪಾಲಕರು ಕೇಳಿದರೆ ಹೆಡ್‌ಮಾಸ್ತರರಿಗೆ ಸಿಟ್ಟು ಬರುವುದಿಲ್ಲ. ಬಹುಶಃ ಸಮಾಧಾನವೇ ಆದೀತು. ಮೇಲಿನವರಿಗೆ ಬರೆಯಲು ಅವರಿಗೂ ಒಂದು ಕಾಗದ ಬೇಕಾಗಿದೆ.

ಅಲ್ಲಿಯವರೆಗೆ ಅಂಗಡಿ ಮುಚ್ಚಿ ಮನೆಗೆ ಹೋದವರು, ಬಸ್ಸು ಇಳಿದು ಮನೆ ಸೇರಿದವರು ಈ ರಾತ್ರಿಯೇ ಒಂದು ಕೆಲಸ ಮಾಡಬಹುದು. ರೊಕ್ಕ ಕಳಿಸುವ ಆ್ಯಪಿನಿಂದ ಪುಸ್ತಕದ ಕೋಡು ತೆರೆಯುವುದಿಲ್ಲ, ಅದಕ್ಕೆ ದೀಕ್ಷಾ ಆ್ಯಪು ಬೇಕು, ಖರ್ಚಿಲ್ಲ. ಚೌಕಳಿ ಹರಿದಿದ್ದರೆ, ಮಸಿ ಬಿದ್ದಿದ್ದರೆ ಅದರ ಕೆಳಗೇ ಆರು ಅಕ್ಷರ-ಅಂಕಿಯ ಸಂಕೇತ ಇರುತ್ತದೆ, ಅದನ್ನು ಒತ್ತಿದರೂ ಆದೀತು. ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇವತ್ತು ಶಾಲೆಯಲ್ಲಿ ನಡೆದ ಪಾಠದ ಕೋಡು ಯಾವುದೆಂದು ಕೇಳಿ, ಫೋನು ಅವಳ ಕೈಗೆ ಕೊಡಿ. ತೆರೆದರೆ ನೋಡಲಿ. ತೆರೆಯದಿದ್ದರೆ ಪುಟದ ಸಂಖ್ಯೆ ಬರೆದಿಟ್ಟು ನಾಳೆ ಮಾಸ್ತರರ ಕೈಗೆ ಕೊಡಲಿ.